ತವರದ ಗಣಿಯೂರು ಸೈಫೆನ್: ಅಲ್ಲಿಯ ಬಳೆಕಡೆತ ನಮ್ಮ ಕಡೆಯ ಮರಕ್ಕೆ ಒಗ್ಗೀತೇ?

ಶಿರಸಿ_ಮರಗೆಲಸ:
ಜರ್ಮನಿಯ ಸ್ಯಾಕ್ಸನಿಯಲ್ಲಿ, ಜೆಕ್ ಗಡಿಗೆ ತಾಗಿದ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನಲ್ಲಿ ಸೈಫೆನ್ ಎಂಬ ಹಳ್ಳಿ ಇದೆ. ಅಲ್ಲಿ ಮರದ ಬಿಲ್ಲೆಯನ್ನು ಲೇತಿನಲ್ಲಿ ಬಳೆಯ ಹಾಗೆ ಕಡೆಯುತ್ತಾರೆ. ಬಳೆ ಸೀಳಿದರೆ ಒಂದೊಂದು ಹೋಳೂ ಕುದುರೆಯೋ ಹಸುವೋ ಆಗಿರುತ್ತದೆ. 1849ರಲ್ಲಿ ಗಣಿ ನಿಂತಿತು, ಹೊಟ್ಟೆಪಾಡಿಗೆ ಆಟಿಕೆ ಶುರುವಾಯಿತು ಅಂತಾರಲ್ಲ, ಅದು ಸರಿಯೇ? ಇನ್ನೊಂದು, ಈ ಕೆಲಸ ಇಲ್ಲಿಯ ಮರದಲ್ಲಿ ಆದೀತೇ? 30 ಸೆಂ.ಮೀ. ಬಿಲ್ಲೆ ಹಿಡಿಯುವ ಲೇತ್ ಇದೆ.

ಕಾರವಾರ_ಇತಿಹಾಸ:
ಇಸವಿ ಸರಿ, ಕಾರಣ ಅರ್ಧವೇ ಸರಿ. ಆಟಿಕೆ ಗಣಿಗಿಂತ ಆಮೇಲೆ ಬಂದದ್ದಲ್ಲ, ಗಣಿಯ ಮಗ್ಗುಲಲ್ಲೇ ಬೆಳೆದದ್ದು.

ಊರಿನ ಹೆಸರೇ ಅದಿರು ತೊಳೆಯುವ ಕೆಲಸದಿಂದ ಹುಟ್ಟಿದ್ದು. 1324ರ ದಾಖಲೆಯಲ್ಲಿ ಮೊದಲು ಕಾಣಿಸುತ್ತದೆ. ತವರದ ಅದಿರು ನೀರಿಗಿಂತ ಸುಮಾರು 7 ಪಟ್ಟು ತೂಕ, ಬೆಣಚುಕಲ್ಲು 2.65 ಪಟ್ಟು ಮಾತ್ರ. ಹರಿಯುವ ನೀರಿನಲ್ಲಿ ಕದಡಿದರೆ ಮರಳು ಕೊಚ್ಚಿಹೋಗಿ ಅದಿರು ತಳದಲ್ಲಿ ಉಳಿಯುತ್ತದೆ. ಮುಂದೆ ಬಂಡೆ ಅಗೆದು ಅದಿರು ತೆಗೆಯಬೇಕಾದಾಗ ಕುಟ್ಟುವುದಕ್ಕೆ ನೀರಿನ ಚಕ್ರ ಬಂತು, ಚಕ್ರಕ್ಕೆ ಕೆರೆ, ಕಾಲುವೆ ಬಂದವು. 18ನೇ ಶತಮಾನದಲ್ಲಿ ಗಣಿ ಸೊರಗುತ್ತ ಹೋದ ಹಾಗೆ ಅದೇ ನೀರಿನ ಬಲಕ್ಕೆ ಲೇತು ಕಟ್ಟಿದರು. ಮೊದಮೊದಲು ಕಡೆದದ್ದು ತಟ್ಟೆ, ಗುಂಡಿ, ನೂಲುವ ಕದಿರು. ಬಳೆಕಡೆತ 1800ರ ಆಸುಪಾಸಿನದು, ಅಂದರೆ ಗಣಿ ನಿಲ್ಲುವ ಮುಂಚೆಯೇ ಕೈ ಪಳಗಿತ್ತು. ಈಗ ಲೋಕಪ್ರಸಿದ್ಧವಾದ ಬೀಜ ಒಡೆಯುವ ಗೊಂಬೆಯನ್ನು ವಿಲ್ಹೆಲ್ಮ್ ಫ್ಯೂಶ್ಟ್ನರ್ ಅಲ್ಲಿ ಮಾಡಿದ್ದು 1870ರ ಸುಮಾರಿಗೆ.

ಕಷ್ಟದ ಭಾಗವನ್ನೂ ಬಿಡಬಾರದು. ದರ ಕಟ್ಟುತ್ತಿದ್ದವರು ಸಗಟು ವ್ಯಾಪಾರಿಗಳು. ಮನೆಮಂದಿಯೆಲ್ಲ, ಮಕ್ಕಳು ಸಹ, ಬಣ್ಣ ಬಳಿಯಲು ಕೂತರೂ ಕೈಗೆ ಸಿಗುತ್ತಿದ್ದದ್ದು ಚೂರುಪಾರು. ಒಂದೇ ಸಲಕ್ಕೆ ಹತ್ತಾರು ಪ್ರಾಣಿ ಕೊಡುವ ಬಳೆ ಅಲ್ಲಿ ಬೇರೂರಿದ್ದಕ್ಕೆ ಈ ಒತ್ತಡವೂ ಕಾರಣ.

ಹೊನ್ನಾವರ_ಉಳಿ:
ಕೆಲಸದ ಬಗ್ಗೆ ಹೇಳುತ್ತೇನೆ. ಅವರು ಬಳಸುವುದು ಸ್ಪ್ರೂಸ್ ಮರ, ಅದೂ ಹಸಿಯಾಗಿ. ಕಾಂಡದಲ್ಲಿ ಎರಡು ಗಂಟುಸಾಲಿನ ನಡುವಿನ ಭಾಗವನ್ನೇ ಅಡ್ಡ ಕೊಯ್ದು ಬಿಲ್ಲೆ ಮಾಡುತ್ತಾರೆ. ಬಿಲ್ಲೆಯ ದಪ್ಪವೇ ಪ್ರಾಣಿಯ ಎತ್ತರ. ಎಳೆ ಕಾಲಿನುದ್ದಕ್ಕೂ ನೆಟ್ಟಗೆ ಇಳಿಯುವುದರಿಂದ ಸಣ್ಣ ಕಾಲೂ ಮುರಿಯುವುದಿಲ್ಲ, ಬಳೆಯೂ ಎಳೆಗುಂಟ ಸಲೀಸಾಗಿ ಸೀಳುತ್ತದೆ.

ಒಂದು ಮಗ್ಗುಲಲ್ಲಿ ಹೊಟ್ಟೆ, ಕಾಲು ಕಡೆದು, ಬಿಲ್ಲೆ ತಿರುಗಿಸಿ ಬೆನ್ನು, ಕುತ್ತಿಗೆ ಕಡೆಯಬೇಕು. ಕೆಡುವುದು ಇಲ್ಲೇ. ತಿರುಗಿಸಿ ಕೂರಿಸುವಾಗ ನಡು 2 ಮಿ.ಮೀ. ಜರುಗಿದರೂ ಬಳೆಯ ಒಂದು ಕಡೆಯ ಕುದುರೆಗೂ ಎದುರು ಕಡೆಯದಕ್ಕೂ ಆಕಾರ ಹೊಂದುವುದಿಲ್ಲ. ಸೀಳುವ ತನಕ ಪ್ರಾಣಿ ಕಣ್ಣಿಗೆ ಬೀಳುವುದೂ ಇಲ್ಲ. ಪಳಗಿದವರು ಅಂದಾಜಿನಲ್ಲೇ ಕಡೆಯುತ್ತಾರೆ. ಕಲಿಯುವವರು ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು ಆಗಾಗ ಹಿಡಿದು ನೋಡಿಕೊಳ್ಳಿ.

ಲೆಕ್ಕ ಹೀಗೆ: ಹೊರವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ 94. ಹೊರಗಡೆ 1.5 ಸೆಂ.ಮೀ. ದಪ್ಪಕ್ಕೆ ಸೀಳಿದರೆ 62 ಹೋಳು. ಪ್ರಾಣಿಯ ಉದ್ದ 5 ಸೆಂ.ಮೀ. ಆದರೆ ಒಳತುದಿಯ ದಪ್ಪ ಬರೀ 1 ಸೆಂ.ಮೀ. ಈ ಓರೆಯನ್ನು ಚಾಕುವಿನಲ್ಲಿ ಕೆತ್ತಿ ಸರಿಮಾಡಬೇಕು. ಕಿವಿ, ಕೊಂಬು, ಬಾಲ ಆಮೇಲೆ ಅಂಟಿಸುವುದು.

ಸಿದ್ದಾಪುರ_ಮರ:
ಇಲ್ಲಿಯ ಬಹಳ ಮರಗಳಲ್ಲಿ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಸೀಳು ಅಡ್ಡಾದಿಡ್ಡಿ ಓಡುತ್ತದೆ. ಮೊದಲು ಗೇಣುದ್ದದ ತುಂಡನ್ನು ಕತ್ತಿಯಿಂದ ಸೀಳಿ ನೋಡಿ. ಸೀಳಿದ ಮುಖ ಹಲಗೆಯ ಹಾಗೆ ಸಪಾಟಾಗಿದ್ದರೆ ಮಾತ್ರ ಬಿಲ್ಲೆ ಕೊಯ್ಯಿರಿ. ಅಕೇಶಿಯಾ, ಗಾಳಿಮರ ಬೇಡ. ಗಾಳಿಮರ ಒಣಗುವಾಗ ವಿಪರೀತ ಬಿರುಕು ಬಿಡುತ್ತದೆ. ಚನ್ನಪಟ್ಟಣದವರು ಗೊಂಬೆಗೆ ಬಳಸುವ ಆಲೆ ಮರವನ್ನೇ ಮೊದಲು ಪರೀಕ್ಷಿಸಿ. ಆದರೆ ಅದು ಸಣ್ಣ ಮರ, 15 ಸೆಂ.ಮೀ. ಬಿಲ್ಲೆ ಸಿಕ್ಕರೆ ಪುಣ್ಯ. ಅದರಲ್ಲಿ 31 ಹೋಳು, ಪ್ರಾಣಿಯ ಉದ್ದ 4 ಸೆಂ.ಮೀ.ಗೆ ಇಳಿಸಿಕೊಳ್ಳಿ. ಮಾಲ್ಕಿ ಜಮೀನಿನ ಮರವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಶಿರಸಿ_ಮರಗೆಲಸ:
ತುಂಬಾ ಉಪಕಾರ ಆಯ್ತು. ಹಸಿ ಬಳೆ ಒಣಗುವಾಗ ಸಿಡಿಯುವುದಿಲ್ಲವೇ? ನಮ್ಮ ಮಳೆಗಾಲದಲ್ಲಿ ಬೂಷ್ಟು ಬೇರೆ.

ಸಿದ್ದಾಪುರ_ಮರ:
ತಿರುಳಿರುವ ಇಡೀ ಬಿಲ್ಲೆ ಸಿಡಿದೇ ಸಿಡಿಯುತ್ತದೆ, ಯಾಕಂದರೆ ಮರ ಸುತ್ತಿನಲ್ಲಿ ಕುಗ್ಗುವಷ್ಟು ನಡುವಿನಿಂದ ಹೊರಕ್ಕೆ ಕುಗ್ಗುವುದಿಲ್ಲ. ಬಳೆಯ ನಡು ಖಾಲಿ, ಹಾಗಾಗಿ ಅದು ವ್ಯಾಸದಲ್ಲೇ ಕುಗ್ಗಿ ಉಳಿದುಕೊಳ್ಳುತ್ತದೆ. ಕೊಯ್ದ ಬಿಲ್ಲೆ ಕಡೆಯುವ ತನಕ ಪೂರ್ತಿ ನೀರಿನಲ್ಲಿ ಮುಳುಗಿರಲಿ. ಅರ್ಧ ತೇಲಿದರೆ ಬೂಷ್ಟು ಹಿಡಿಯುವುದು ಗಾಳಿ ತಾಗಿದ ಆ ಅರ್ಧಕ್ಕೇ. ಕಡೆದ ಬಳೆಯನ್ನು ಅಟ್ಟದ ಮೇಲೆ ನೆರಳಿನಲ್ಲಿ, ಒಂದರ ಮೇಲೊಂದು ಕೂರದ ಹಾಗೆ, ಗಾಳಿಯಾಡುವಂತೆ ಇಡಿ. ಅಡಿಕೆ ಡ್ರೈಯರಿಗೆ ಮಾತ್ರ ಹಾಕಬೇಡಿ, ಹೊರಮೈ ಮೊದಲು ಒಣಗಿ ಕಾಲಿನ ಬುಡದಲ್ಲಿ ಕೂದಲೆಳೆ ಬಿರುಕು ಬೀಳುತ್ತದೆ. ದೀಪಾವಳಿ ಕಳೆದ ಮೇಲೆ ಶುರುಮಾಡಿ.

ಹೊನ್ನಾವರ_ಉಳಿ:
ಒಂದು ಬಿಟ್ಟುಹೋಯಿತು. ಹಸಿ ಬಿಲ್ಲೆ ಭಾರ, ಎಲ್ಲ ಕಡೆ ಒಂದೇ ತೂಕವೂ ಇರುವುದಿಲ್ಲ. 30 ಸೆಂ.ಮೀ.ಯದಕ್ಕೆ ನಿಮಿಷಕ್ಕೆ 400 ಸುತ್ತಿನಿಂದ ಶುರುಮಾಡಿ, ಅದುರು ನಿಂತ ಮೇಲೆ ಏರಿಸಿ. ಮುಖಕ್ಕೆ ಮರೆ ಕಟ್ಟಿಕೊಳ್ಳಿ.