ಪರಭಕ್ಷಕ ನುಸಿ ಬಿಟ್ಟು ಎಂಟು ದಿನ: ಎಲೆಯಡಿ ಇರೋದು ಅದರ ಮರಿನಾ, ಕೆಂಪು ನುಸಿ ಮರಿನಾ?

ಗುಲಾಬಿ ಬೆಳೆಗಾರ, ಚಿಕ್ಕಬಳ್ಳಾಪುರ
ಪಾಲಿಹೌಸ್ ಡಚ್ ಗುಲಾಬಿಗೆ ಕೆಂಪು ನುಸಿ ತಿನ್ನೋ ಮಿತ್ರ ನುಸಿ (ನಿಯೋಸಿಯುಲಸ್ ಲಾಂಜಿಸ್ಪೈನೋಸಸ್) ಬಿಟ್ಟು ಎಂಟು ದಿನ ಆಯ್ತು. ಲೆನ್ಸ್ ಹಿಡಿದರೆ ಎಲೆಯಡಿ ಮೊಟ್ಟೆ, ಆರು ಕಾಲಿನ ಮರಿ ಕಾಣ್ತಿವೆ. ಮಿತ್ರ ನುಸಿ ಮರಿಗೆ ಆರು ಕಾಲು ಅಂತಾರಲ್ಲ, ಇವು ಅವೇನಾ? ಮಧ್ಯಾಹ್ನ ಒಳಗೆ 36 ಡಿಗ್ರಿ, ತೇವಾಂಶ 40ರ ಆಸುಪಾಸು. ಕೆಂಪು ನುಸಿಯ ಬಲೆ ಮಾತ್ರ ಕಮ್ಮಿ ಆಗಿಲ್ಲ.

ಮಾಲೂರು ಪಾಲಿಹೌಸ್
ಕಾಲು ಎಣಿಸಿ ಉಪಯೋಗ ಇಲ್ಲ ಸರ್. ಮೊಟ್ಟೆ ಒಡೆದು ಬಂದಾಗ ಎರಡಕ್ಕೂ ಆರೇ ಕಾಲು, ಎಂಟಾಗೋದು ಆಮೇಲೆ. ಮೊಟ್ಟೆ ನೋಡಿ. ಕೆಂಪು ನುಸಿಯದು ಗುಂಡಗೆ, ಸಣ್ಣ ಮುತ್ತಿನ ಹಾಗೆ. ಮಿತ್ರನದು ಉದ್ದುರುಟು, ಅದಕ್ಕಿಂತ ಚೆನ್ನಾಗಿ ದೊಡ್ಡದು. ಹೆಚ್ಚಾಗಿ ನಡುನರದ ಬದಿಯಲ್ಲಿ ಸಿಗುತ್ತೆ. ಆಮೇಲೆ ಎಲೆಗೆ ಬಿಸಿಯುಸಿರು ಊದಿ: ಹೊಳೆಯುವ ಮೈ, ಪೇರಳೆ ಆಕಾರ, ಬೆನ್ನಿನ ಮೇಲೆ ಚುಕ್ಕೆ ಇಲ್ಲದೆ ಸರಸರ ಓಡಿದರೆ ಅದೇ ನಿಮ್ಮದು. ಎರಡು ಕಪ್ಪು ಚುಕ್ಕೆ ಹೊತ್ತು ನಿಧಾನಕ್ಕೆ ತೆವಳಿದರೆ ಶತ್ರು. ಬಣ್ಣ ನಂಬಬೇಡಿ, ಕೆಂಪು ನುಸಿ ತಿಂದ ಮೇಲೆ ಮಿತ್ರನ ಮೈಯೂ ಕೆಂಪಗಾಗುತ್ತೆ.

ಚಿಂತಾಮಣಿ
ಲೆಕ್ಕ ನೋಡಿದ್ರೆ ಎಂಟು ದಿನಕ್ಕೆ ಮಿತ್ರನ ಒಂದು ತಲೆಮಾರು ಆಗಿರಬೇಕು. 25ರಿಂದ 30 ಡಿಗ್ರಿಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗೋಕೆ ನಾಲ್ಕೈದು ದಿನ ಸಾಕು. ಕೆಂಪು ನುಸಿಗೆ ಅದರ ಎರಡರಷ್ಟು ಬೇಕು. ಆದರೆ ಒಣ ಹವೆಯಲ್ಲಿ ಮಿತ್ರನ ಮೊಟ್ಟೆಯೇ ಬತ್ತಿ ಹೋಗುತ್ತೆ. ಬತ್ತಿದ್ದು ಲೆನ್ಸಿನಲ್ಲಿ ಗುಳಿ ಬಿದ್ದು ಸುಕ್ಕಾಗಿ ಕಾಣುತ್ತೆ. ತೇವಾಂಶ 60ರ ಮೇಲಿರಲಿ. ಕೆಂಪು ನುಸಿಗೆ ಮಾತ್ರ ಒಣ ಬಿಸಿಲೇ ಹಬ್ಬ.

ಇನ್ನೊಂದು ವಿಷಯ. ಕೆಂಪು ನುಸಿ ಹೆಣ್ಣು ಒಂಟಿಯಾಗಿದ್ರೂ ಮೊಟ್ಟೆ ಇಡುತ್ತೆ, ಆ ಮೊಟ್ಟೆಯಿಂದ ಗಂಡು ಮಾತ್ರ. ಮಿತ್ರನ ಹೆಣ್ಣು ಗಂಡು ಕೂಡದೆ ಮೊಟ್ಟೆ ಇಡೋದೇ ಇಲ್ಲ. ಅದಕ್ಕೇ ಪಾಲಿಹೌಸ್ ತುಂಬ ಚಿಟಿಕೆ ಚಿಟಿಕೆ ಹರಡಬೇಡಿ, ಬಲೆ ಕಟ್ಟಿರೋ ಜಾಗಕ್ಕೇ ಗುಂಪಾಗಿ ಬಿಡಿ. ಹತ್ತು ಕೆಂಪು ನುಸಿಗೆ ಒಂದು ಮಿತ್ರ.

ಗುಲಾಬಿ ಬೆಳೆಗಾರ, ಚಿಕ್ಕಬಳ್ಳಾಪುರ
ಗುಳಿ ಬಿದ್ದ ಮೊಟ್ಟೆ ಇವೆ, ಉದ್ದುರುಟಿನವೇ. ಫಾಗರ್ (ಮಂಜಿನ ಹಾಗೆ ನೀರು ಸಿಂಪಡಿಸೋದು) ಹಾಕಿದರೆ ಡೌನಿ ಬೂಜು ರೋಗ ಬರಲ್ವಾ ಅಣ್ಣ? ಥ್ರಿಪ್ಸ್‌ಗೆ ಅಂತ ಮೂರು ವಾರದ ಹಿಂದೆ ಲ್ಯಾಂಬ್ಡಾ ಕೀಟನಾಶಕ ಹೊಡೆದಿದ್ದೂ ಇದೆ.

ಚಿಂತಾಮಣಿ
ಬೆಳಗ್ಗೆ 11ರಿಂದ ಸಂಜೆ 4ರ ಒಳಗೆ, ಒಂದೊಂದು ನಿಮಿಷದ ಹಾಗೆ ಬಿಟ್ಟು ಬಿಟ್ಟು ಹಾಕಿ. ಎಲೆ ಮೇಲೆ ಹನಿ ನಿಂತರೆ ಜಾಸ್ತಿಯಾಯ್ತು ಅಂತ. ಕತ್ತಲಾಗೋಷ್ಟರಲ್ಲಿ ಎಲೆ ಒಣಗಿದ್ದರೆ ಡೌನಿ ಭಯ ಕಮ್ಮಿ. ಗಿಡಕ್ಕೆ ನೀರು ಕಮ್ಮಿ ಆಗದಂತೆ ನೋಡಿ, ಎಲೆ ಉಸಿರಾಡೋ ತೇವದಲ್ಲೇ ಈ ಮೊಟ್ಟೆ ಬದುಕೋದು.

ಮಾಲೂರು ಪಾಲಿಹೌಸ್
ಲ್ಯಾಂಬ್ಡಾ ಹೊಡೆದಿದ್ರೆ ಅದೇ ಮೊದಲ ಅನುಮಾನ. ಅದು ಪೈರೆಥ್ರಾಯ್ಡ್ ಗುಂಪಿನ ಔಷಧಿ, ಎಲೆಯಲ್ಲಿ ವಾರಗಟ್ಟಲೆ ಕೂತು ಮಿತ್ರನನ್ನ ಕೊಲ್ಲುತ್ತೆ, ಕೆಂಪು ನುಸಿ ಇನ್ನೂ ಚಿಗುರುತ್ತೆ. ಈಗಲೇ ಮತ್ತೆ ಮಿತ್ರ ನುಸಿ ತರಬೇಡಿ. ಬಲೆ ಕಟ್ಟಿದ ಹಳೆ ಎಲೆ ಕಿತ್ತು, ಎಲೆಯಡಿಗೆ ನೀರಿನ ಜೆಟ್ ಹೊಡೆದು ನುಸಿ ಇಳಿಸಿ. ಮುಂದಿನ ಸಲ ಮೊದಲು ಹತ್ತು ಗಿಡಕ್ಕೆ ಬಿಡಿ, ನಾಲ್ಕನೇ ದಿನ ಉದ್ದುರುಟು ಮೊಟ್ಟೆ ತುಂಬಿಕೊಂಡಿದ್ದರೆ ಉಳಿದದ್ದಕ್ಕೆ. ಸಂಜೆ ಬಿಡಿ, ಮಿತ್ರ ನುಸಿ ಇರೋ ಬೀನ್ಸ್ ಎಲೆ ಬಾಗಿಸಿದ ಕೊಂಬೆ ಮೇಲೆ ಗಿಡಕ್ಕೆ ತಾಗಿರಲಿ. ಬೆಡ್ ಮೇಲೆ ಚೆಲ್ಲಿದ್ರೆ ಹತ್ತಿ ಬರೋ ಮುಂಚೆ ಇರುವೆ ಪಾಲು.

ಕೋಲಾರ, ಟೊಮೆಟೊ
ಇದನ್ನ ಓದಿ ಯಾರೂ ಟೊಮೆಟೊಗೆ ಹಾಗೇ ತಂದು ಬಿಡಬೇಡಿ. ಕಾಂಡದ ಅಂಟು ರೋಮಕ್ಕೆ ಸಿಕ್ಕಿ ಸಾಯ್ತವೆ, ಗಿಡದಿಂದ ಗಿಡಕ್ಕೆ ದಾಟೋದೇ ಕಷ್ಟ.