ಸಹಾಯ ಬೇಕು: ದನಿ ತಬಲಾದ ಹಿಂದ ಬೀಳಾಕತ್ತೈತಿ

ನಮಸ್ಕಾರ್ರೀ, ಧಾರವಾಡ ಮಾಳಮಡ್ಡಿಯಿಂದ ಬರಿಯಾಕತ್ತೀನಿ. ನಮ್ಮಪ್ಪಾರಿಗೆ ಈಗ 74. ಅವರು ಹಾಡೋ ವಚನಗಳನ್ನ ಮನ್ಯಾಗ ರೆಕಾರ್ಡ್ ಮಾಡಿ ಇಡಬೇಕಂತ ಭಾಳ ಆಸೆ ನನಗ. ಕಂಡೆನ್ಸರ್ ಮೈಕ್, ಅದನ್ನ ಲ್ಯಾಪ್‌ಟಾಪಿಗೆ ಜೋಡಸೋ ಇಂಟರ್‌ಫೇಸ್ ಪೆಟ್ಟಿಗಿ ತಗೊಂಡೀನಿ, ಮೈಕಿಗೆ ಕರೆಂಟ್ ಕೊಡೋ 48 ವೋಲ್ಟ್ ಗುಂಡಿ ಒತ್ತೀನಿ, ದನಿ ಚೊಲೋನ ಬರ್ತೈತಿ. ರೈಲು ಹೋಗೋವಾಗಷ್ಟ ನಿಲ್ಲಸ್ತೀವಿ.

ತೊಡಕು ಬ್ಯಾರೇನ ಐತಿ. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗ ಮೊದಲ ತಬಲಾ ಟ್ರ್ಯಾಕ್ ಹಾಕಿ, ಅದನ್ನ ಕೇಳ್ಕೋತ ಅಪ್ಪಾರು ಹಾಡ್ತಾರ. ಸಮಕ್ಕ (ತಾಳದ ಮೊದಲ ಪೆಟ್ಟಿಗೆ) ಸರಿಯಾಗೇ ಬಂದಿರ್ತಾರ, ಆದ್ರ ತಿರಗಿ ಹಚ್ಚಿದ್ರ ದನಿ ಹಿಂದ. ಬ್ಲೂಟೂತ್ ಬಿಟ್ಟು ವೈರಿನ ಹೆಡ್‌ಫೋನ್ ಹಾಕಿದೆ. ಬಫರ್ (ಕಂಪ್ಯೂಟರ್ ಒಮ್ಮೆಗೆ ಹಿಡಿದಿಟ್ಕೊಳ್ಳೋ ದನಿಯ ತುಣುಕು) ಕಡಿಮಿ ಮಾಡಿದ್ರ ಚಟಚಟ ಸಪ್ಪಳ. ಲೇಟೆನ್ಸಿ ಕಾಂಪೆನ್ಸೇಶನ್ (ತಡಾ ಆಗಿ ಬಂದ ದನೀನ ಸರಿಹೊಂದಸೋ ಸೆಟ್ಟಿಂಗ್) −130 ಮಿಲಿಸೆಕೆಂಡ್ ಇದ್ದದ್ದನ್ನ −180 ಮಾಡಿದೆ. ಒಂದಿನ ಕೂಡ್ತು, ಮರುದಿನ ಮತ್ತ ತಪ್ಪಿತು.

ನನ್ನ ಲ್ಯಾಪ್‌ಟಾಪಿಗೆ ಹೊಂದೋ ಅಂಕಿ ಅಳತಿ ಮಾಡೋದು ಹ್ಯಾಂಗ್ರಿ? ಬಫರ್ ಬದಲಿಸಿದಾಗೊಮ್ಮೆ ಮತ್ತ ಅಳತಿ ಮಾಡಬೇಕೇನು?