ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ನಲ್ಲಿ ನಿಜ ಹೊರಗೆ ಬರುವುದು ಹೇಗೆ?

ಹೊಸಮೇಷ್ಟ್ರು:
ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ, ಸೇರಿ ಎರಡು ವರ್ಷ ಆಯಿತು. ಸೆಮಿಸ್ಟರ್ ಕೊನೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲಿಗೆ ಬೇಕು ಅಂತ ಗೂಗಲ್ ಫಾರ್ಮ್ ತುಂಬಿಸುತ್ತೇವೆ. ಎಲ್ಲರೂ ಐದಕ್ಕೆ ಐದು. ಕೆಳಗೆ ‘ಗುಡ್ ಟೀಚಿಂಗ್ ಸರ್’ ಅಂತ ಒಂದೇ ಸಾಲು, ಒಬ್ಬ ಬರೆದದ್ದನ್ನೇ ಮಿಕ್ಕವರು ಇಳಿಸಿದ್ದು. ಇಂಟರ್ನಲ್ ಪೇಪರ್ ತೆರೆದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇಕಡಾ ಇಷ್ಟು ಬದಲಾದರೆ ಬೇಡಿಕೆ ಶೇಕಡಾ ಎಷ್ಟು ಬದಲಾಗುತ್ತದೆ ಅನ್ನುವುದು, ಅರ್ಧ ಕ್ಲಾಸಿನ ತಲೆಗೇ ಹೋಗಿಲ್ಲ. ಎಲ್ಲಿ ಎಡವುತ್ತಿದ್ದೇನೆ ಅಂತ ಅವರ ಬಾಯಿಂದಲೇ ತಿಳಿಯಬೇಕು. ಹೇಗೆ ಕೇಳಲಿ?

ಚಾಕ್‌ಪೀಸ್:
ಮೊದಲು ಆ ಫಾರ್ಮ್‌ನಲ್ಲಿ ಇಮೇಲ್ ವಿಳಾಸ ತೆಗೆದುಕೊಳ್ಳುವ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿರುವಾಗ ಹೆಸರು ಕಾಣಿಸುವ ಫಾರ್ಮ್‌ನಲ್ಲಿ ಯಾರು ತಾನೇ ನಿಜ ಬರೆಯುತ್ತಾರೆ? ಎರಡನೆಯದು, ಸೆಮಿಸ್ಟರ್ ಕೊನೆಗೆ ಕೇಳುವುದು ಅಂದರೆ ಪಂಕ್ತಿ ಎದ್ದ ಮೇಲೆ ಉಪ್ಪು ಸರಿಯಿತ್ತಾ ಅಂದ ಹಾಗೆ. ಹೇಳಿದ ಮಕ್ಕಳಿಗೆ ಏನೂ ಸಿಗುವುದಿಲ್ಲ.
ನಾನು ವಾರಕ್ಕೊಮ್ಮೆ ಕ್ಲಾಸಿನ ಕೊನೆಯ ಮೂರು ನಿಮಿಷ ಬಿಟ್ಟು ಚೀಟಿ ಬರೆಸುತ್ತೇನೆ. ಹೆಸರು ಬೇಡ, ಎರಡೇ ಪ್ರಶ್ನೆ: ಇವತ್ತು ಏನು ತಿಳಿಯಿತು, ಎಲ್ಲಿ ತಲೆ ಕೆಟ್ಟಿತು. ಒನ್ ಮಿನಿಟ್ ಪೇಪರ್ ಅಂತಾರೆ ಇದಕ್ಕೆ. ಬಾಗಿಲ ಹತ್ತಿರ ಒಂದು ಡಬ್ಬ ಇಡಿ, ಹೋಗುವಾಗ ಹಾಕಲಿ. ನೀವು ಕೈಯೊಡ್ಡಿ ನಿಲ್ಲಬೇಡಿ. ನನ್ನ ಇಂಗ್ಲಿಷ್ ಅರ್ಥವಾಗುತ್ತಿಲ್ಲವೇನೋ ಅಂತ ವರ್ಷಗಟ್ಟಲೆ ಕೊರಗಿದ್ದೆ, ಚೀಟಿ ನೋಡಿದರೆ ಅರ್ಧಕ್ಕರ್ಧ ಜನ ‘ಬೋರ್ಡ್ ಬೇಗ ಒರೆಸುತ್ತೀರಿ’ ಅಂತ ಬರೆದಿದ್ದರು!

ಕೊನೆಬೆಂಚು:
ನಾನು ಫೈನಲ್ ಬಿಕಾಂ. ನಮ್ಮಲ್ಲಿ ಭಯಕ್ಕಿಂತ ಬೇಜಾರೇ ಜಾಸ್ತಿ ಸರ್. ಬರೆದರೂ ಏನೂ ಬದಲಾಗುವುದಿಲ್ಲ, ಮತ್ತೆ ಯಾಕೆ ಬರೆಯಬೇಕು? ಒಬ್ಬರು ಮೇಡಂ ಮಾತ್ರ ಮರುದಿನ ಬಂದು ‘ಲೆಕ್ಕ ಇನ್ನೊಂದು ಮಾಡಿಸಿ ಅಂದಿದ್ದೀರಿ, ಮಾಡೋಣ. ನೋಟ್ಸ್ ಡಿಕ್ಟೇಟ್ ಮಾಡಿ ಅಂದಿದ್ದೀರಿ, ಅದು ಆಗುವುದಿಲ್ಲ’ ಅಂತ ಕಾರಣ ಹೇಳಿದರು. ಅವತ್ತಿನಿಂದ ಅವರ ಚೀಟಿಗೆ ಮಾತ್ರ ಎಲ್ಲರೂ ಮನಸ್ಸಿಟ್ಟು ಬರೆಯುತ್ತೇವೆ.

ಹಳೇಹಾಜರಿ:
ಚೀಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದ ಏರ್ ಫೋರ್ಸ್ ಅಕಾಡೆಮಿಯ ಮೇಲೆ ಕ್ಯಾರೆಲ್ ಮತ್ತು ವೆಸ್ಟ್ ಅನ್ನುವವರು 2010ರಲ್ಲಿ ಬರೆದದ್ದಿದೆ. ಅಲ್ಲಿ ಯಾರಿಗೆ ಯಾವ ಮೇಷ್ಟ್ರು ಅನ್ನುವುದು ಲಾಟರಿ ಇದ್ದ ಹಾಗೆ, ಮಕ್ಕಳು ಆರಿಸುವಂತಿಲ್ಲ. ತಾವು ಕಲಿಸಿದ ಕೋರ್ಸಿನ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ಬರಿಸಿದವರಿಗೆ ರೇಟಿಂಗೂ ಚೆನ್ನಾಗಿ ಸಿಕ್ಕಿತು, ಆದರೆ ಅವರ ಮಕ್ಕಳೇ ಮುಂದಿನ ಕೋರ್ಸಿನಲ್ಲಿ ಹಿಂದೆ ಬಿದ್ದರು. ಇಷ್ಟವಾಗುವುದು ಬೇರೆ, ಕಲಿಯುವುದು ಬೇರೆ ಅಲ್ವಾ? ಅದಕ್ಕೇ ‘ಮೇಷ್ಟ್ರು ಹೇಗೆ’ ಅಂತ ಕೇಳಬೇಡಿ, ‘ಪಾಠ ಎಲ್ಲಿ ಕೈಬಿಟ್ಟಿತು’ ಅಂತ ಕೇಳಿ. ಚೀಟಿಯನ್ನು ಉತ್ತರ ಪತ್ರಿಕೆ ಪಕ್ಕದಲ್ಲಿಟ್ಟು ಓದಿ. ನಂಬಿಕೆಯ ಸಹೋದ್ಯೋಗಿ ಒಬ್ಬರನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂರಿಸಿ. ಮುಜುಗರವಾಗುತ್ತದೆ, ಆಗಲಿ.

ಹೊಸಮೇಷ್ಟ್ರು:
ಇವತ್ತು ಚೀಟಿ ಬರೆಸಿದೆ. ಜಾಸ್ತಿ ಜನಕ್ಕೆ ತೊಂದರೆ ಸ್ಥಿತಿಸ್ಥಾಪಕತ್ವದ್ದಲ್ಲ, ಶೇಕಡಾ ಲೆಕ್ಕದ್ದು! ಟೊಮೆಟೊ 20 ರೂಪಾಯಿಯಿಂದ 25 ಆದರೆ ಶೇಕಡಾ ಎಷ್ಟು ಏರಿತು ಅನ್ನುವಲ್ಲೇ ನಿಂತುಬಿಟ್ಟಿದ್ದಾರೆ, ನಾನು ಅದನ್ನು ದಾಟಿಕೊಂಡು ಸೂತ್ರಕ್ಕೆ ಓಡಿದ್ದೆ. ನಾಳೆ ಪೂರ್ತಿ ಕ್ಲಾಸು ಅದೇ. ಇನ್ನು ನಾಲ್ಕೈದು ಚೀಟಿಯಲ್ಲಿ, ಕಿಟಕಿ ಬೆಳಕಿಗೆ ಬೋರ್ಡಿನ ಬಲಗಡೆ ಏನೂ ಕಾಣುವುದಿಲ್ಲ ಅಂತ ಇತ್ತು. ನಾನು ಗ್ರಾಫ್ ಬರೆಯುವುದು ಯಾವಾಗಲೂ ಆ ಕಡೆಯೇ.